ಮಂತ್ರ ಹೇಳಾಕ ಮಂದಿ ಅದಾರ, ಮಗ್ಗಲ ಬದಲಿಸಾಕ ಯಾರ ಅದಾರ?

ಬೋರಗಾಂವದಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಸುದ್ದಿ ಅರ್ಧ ತಾಸಿನಲ್ಲಿ ಓಣಿ ಓಣಿ ಸುತ್ತುತ್ತದೆ. ಸಂಜೆ ಆಗುತ್ತಲೇ ಮನೆ ಮುಂದೆ ಚಪ್ಪಲಿ ರಾಶಿ. ಬಂದವರ ಕೈಯಲ್ಲಿ ಮೋಸಂಬಿ, ಎಳನೀರು, ಬಿಸ್ಕಿಟ್ ಪುಡಿಕೆ. ರೋಗಿಗೆ ಗುಟುಕು ನೀರು ಇಳಿಯುವುದೂ ಕಷ್ಟವಾಗಿರುತ್ತದೆ, ಅದು ಬೇರೆ ಮಾತು. ಜೈನರ ಮನೆಯಾದರೆ ಣಮೋಕಾರ, ಲಿಂಗಾಯತರ ಮನೆಯಾದರೆ ವಿಭೂತಿ ಮತ್ತು ವಚನ, ಮುಸ್ಲಿಮರ ಮನೆಯಾದರೆ ಯಾಸೀನ್ ಪಠಣ, ಪಂಢರಪುರದ ವಾರಿಗೆ ಹೋಗುವವರ ಮನೆಯಾದರೆ ಟಾಳ ಮತ್ತು ಅಭಂಗ. ಸಾಯುವ ಮನುಷ್ಯನನ್ನು ಒಂಟಿಯಾಗಿ ಬಿಡಬಾರದು ಎಂಬ ಬುದ್ಧಿ ನಮ್ಮ ಮಂದಿಗೆ ಯಾರೂ ಕಲಿಸಬೇಕಾಗಿಲ್ಲ. ಇದನ್ನು ನಾವು ಹಗುರ ಮಾಡುವುದಿಲ್ಲ. ಶಹರದ ಅಪಾರ್ಟ್‌ಮೆಂಟಿನಲ್ಲಿ ಇಷ್ಟು ಸಿಗುವುದಿಲ್ಲ.

ಆದರೆ ರಾತ್ರಿ ಹತ್ತಕ್ಕೆ ಎಲ್ಲರೂ ಎದ್ದು ಹೋಗುತ್ತಾರೆ. ಆಮೇಲೆ ಆ ಕೋಣೆಯಲ್ಲಿ ಉಳಿಯುವವರು ಇಬ್ಬರೇ: ನರಳುವ ಜೀವ ಒಂದು, ಸೊಸೆ ಒಬ್ಬಳು. ನಮ್ಮ ತಕರಾರು ಇರುವುದು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗಿನ ಆ ಹೊತ್ತಿನ ಬಗ್ಗೆ. ಆ ಹೊತ್ತಿನಲ್ಲಿ ನೋವು ಏರುತ್ತದೆ. ಮಗ್ಗಲು ಬದಲಿಸಬೇಕು, ಬಟ್ಟೆ ಬದಲಿಸಬೇಕು, ಬಾಯಿ ಒರೆಸಬೇಕು. ಆಗ ಫೋನ್ ಮಾಡಿ ಕೇಳಲು ಒಬ್ಬ ನರ್ಸ್ ನಂಬರ್ ಇಲ್ಲ. ನೋವು ಇಳಿಸುವ ಗುಳಿಗೆ ಇಲ್ಲ. ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಕೂತ ಹಿರಿಯರು ಹೇಳುವ ಮಾತು ಒಂದೇ: ‘ಕರ್ಮ ಕಳೀಬೇಕಲ್ಲ, ಅನುಭವಿಸಲೇಬೇಕು.’

ಈ ಮಾತು ಸುಳ್ಳು. ಧರ್ಮದ ಲೆಕ್ಕದಲ್ಲೂ ಸುಳ್ಳು, ವೈದ್ಯದ ಲೆಕ್ಕದಲ್ಲೂ ಸುಳ್ಳು. ಎರಡನ್ನೂ ಒಂದೊಂದಾಗಿ ನೋಡೋಣ.

ಧರ್ಮದಿಂದಲೇ ಸುರು ಮಾಡುತ್ತೇವೆ, ಯಾಕೆಂದರೆ ನಮ್ಮ ಭಾಗದಲ್ಲಿ ಸಾವಿನ ಮಾತು ಬಂದರೆ ಸಲ್ಲೇಖನದ ಮಾತು ಬಂದೇ ಬರುತ್ತದೆ. ನಮ್ಮ ನೆರೆಯ ಭೋಜ ಗ್ರಾಮದವರಾದ ಆಚಾರ್ಯ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ವ್ರತ ಹಿಡಿದು ಸೆಪ್ಟೆಂಬರ್ 18ರಂದು ದೇಹ ಬಿಟ್ಟರು. ಕಣ್ಣು ಮಂಜಾಗಿ, ನಡೆಯುವಾಗ ಕಾಲಡಿಯ ಜೀವ ಕಾಣದಂತಾದಾಗ ವ್ರತ ಹಿಡಿದರು ಎಂಬುದನ್ನು ನಮ್ಮ ಕಡೆಯ ಮಕ್ಕಳೂ ಹೇಳುತ್ತಾರೆ. ಅವರ ಫೋಟೋ ಇಲ್ಲದ ಜೈನರ ಮನೆ ಈ ಕಡೆ ಅಪರೂಪ. ಆ ಸಾವನ್ನು ತೋರಿಸಿ ‘ನೋಡಿರಿ, ಅವರು ಸಹಿಸಲಿಲ್ಲೇನು, ನಮ್ಮ ಆಯಿನೂ ಸಹಿಸಲಿ’ ಎನ್ನುವವರಿದ್ದಾರೆ.

ಅಲ್ಲೇ ತಪ್ಪುವುದು. ವ್ರತ ಎಂದರೆ ಎಚ್ಚರವಿರುವ ಮನುಷ್ಯ ಗುರುವಿನ ಅಪ್ಪಣೆ ಪಡೆದು ತಾನೇ ಆರಿಸಿಕೊಂಡದ್ದು. ಮೂಲೆಯ ಕೋಣೆಯಲ್ಲಿ ಕ್ಯಾನ್ಸರ್ ನೋವಿನಿಂದ ಒದ್ದಾಡುವ ಆಯಿ ಯಾವ ವ್ರತವನ್ನೂ ಹಿಡಿದಿಲ್ಲ. ಆಕೆಗೆ ಗುಳಿಗೆ ಸಿಕ್ಕಿಲ್ಲ, ಅಷ್ಟೇ. ಸಿಗದೇ ಇದ್ದದ್ದಕ್ಕೆ ತ್ಯಾಗ ಎಂದು ಹೆಸರಿಡಬಾರದು.

ಇನ್ನೂ ಒಂದು ಸಂಗತಿ ಇದೆ. ದಿಗಂಬರ ಜೈನರ ಹಳೆಯ ಪ್ರಾಕೃತ ಗ್ರಂಥ ‘ಭಗವತೀ ಆರಾಧನಾ’. ನಮ್ಮ ಕನ್ನಡದ ‘ವಡ್ಡಾರಾಧನೆ’ಯ ಹತ್ತೊಂಬತ್ತು ಕತೆಗಳಿಗೂ ಅದಕ್ಕೂ ನಂಟು. ಸಮಾಧಿಮರಣ ಹೇಗೆ ನಡೆಯಬೇಕು ಎಂಬುದನ್ನು ಆ ಗ್ರಂಥ ಬಿಡಿಸಿ ಬಿಡಿಸಿ ಹೇಳುತ್ತದೆ. ಸಾಯುವ ಮುನಿಯ ಸೇವೆಗೆ ಎಷ್ಟು ಮಂದಿ ಬೇಕು ಎಂದು ಲೆಕ್ಕ ಕೊಡುತ್ತದೆ: ನಲವತ್ತೆಂಟು ಮಂದಿ. ಅವರಿಗೆ ನಿರ್ಯಾಪಕರು ಎಂದು ಹೆಸರು. ನಾಲ್ಕು ನಾಲ್ಕು ಮಂದಿಗೆ ಒಂದೊಂದು ಕೆಲಸ. ಮೈ ಒತ್ತುವುದಕ್ಕೆ, ಎಬ್ಬಿಸಿ ಮಲಗಿಸುವುದಕ್ಕೆ ನಾಲ್ಕು ಮಂದಿ. ಧರ್ಮದ ಮಾತು ಹೇಳುವುದಕ್ಕೆ ನಾಲ್ಕು ಮಂದಿ. ಆಹಾರಕ್ಕೆ ಬೇರೆ, ನೀರಿಗೆ ಬೇರೆ. ಮಲಮೂತ್ರ ಶುಚಿ ಮಾಡುವುದಕ್ಕೆ ಬೇರೆ. ಗದ್ದಲ ಮಾಡುವವರು ಒಳಗೆ ನುಗ್ಗದಂತೆ ಬಾಗಿಲು ಕಾಯುವುದಕ್ಕೂ ಬೇರೆ. (ಈ ಕೊನೆಯದು ನಮ್ಮೂರಿಗೆ ತುರ್ತಾಗಿ ಬೇಕಾಗಿದೆ.)

ಕಾಲ ಕೆಟ್ಟಿದ್ದರೆ, ಮಂದಿ ಸಿಗದಿದ್ದರೆ ಸಂಖ್ಯೆ ಇಳಿಸಬಹುದು ಎನ್ನುತ್ತದೆ ಗ್ರಂಥ. ಇಳಿಸುತ್ತ ಇಳಿಸುತ್ತ ಎರಡಕ್ಕೆ ಬಂದು ನಿಲ್ಲುತ್ತದೆ. ಒಬ್ಬರೇ ಸಾಲದು. ಅದಕ್ಕೆ ಕಾರಣವನ್ನೂ ಕೊಡುತ್ತದೆ: ಸೇವೆಗೆ ಒಬ್ಬನೇ ಇದ್ದರೆ, ಅವನು ತನ್ನ ಊಟಕ್ಕೆ ಹೋದಾಗ ರೋಗಿ ಅನಾಥ, ಹೋಗದೆ ಕೂತರೆ ಅವನೇ ಹಾಳು.

ಸಾವಿರ ವರ್ಷಕ್ಕೂ ಹಿಂದಿನ ಪುಸ್ತಕ ಇದು. ಅದನ್ನು ಬರೆದವರು ನಮ್ಮ ಓಣಿಯ ಸೊಸೆಯನ್ನು ನೋಡಿಯೇ ಬರೆದಂತಿದೆ.

ಒಂದು ಮನೆಯ ಮಾತು ಹೇಳುತ್ತೇವೆ, ಹೆಸರು ಬೇಡ. ಆಯಿಗೆ ಎದೆಯ ಕ್ಯಾನ್ಸರ್, ಬೆನ್ನೆಲುಬಿಗೆ ಇಳಿದಿತ್ತು. ಗಡಿ ಆಚೆಯ ಒಂದು ದೊಡ್ಡ ಆಸ್ಪತ್ರೆಯವರು ‘ಇನ್ನ ಮನಿಗೆ ಒಯ್ಯಿರಿ’ ಎಂದು ಚೀಟಿ ಕೊಟ್ಟು ಕಳಿಸಿದ್ದರು. ಚೀಟಿಯಲ್ಲಿ ಇದ್ದ ನೋವಿನ ಗುಳಿಗೆ ಮೊಣಕಾಲು ನೋವಿಗೆ ಕೊಡುವಂಥದ್ದು. ಸೊಸೆ ಬೀಡಿ ಕಟ್ಟುವ ಕೆಲಸ ಬಿಟ್ಟು ಮೂರು ತಿಂಗಳಾಗಿತ್ತು. ಸಾವಿರದ ಲೆಕ್ಕದಲ್ಲಿ ಬರುವ ಆ ಕೂಲಿಯೂ ನಿಂತಿತ್ತು. ಮನೆಗೆ ಬಂದ ಹಿರಿಯರೊಬ್ಬರು ಆಕೆಗೆ, ‘ಕಿವಿಯೊಳಗ ಮಂತ್ರ ಹೇಳಕೋತ ಇರವಾ, ಆಯಿಗೆ ಸದ್ಗತಿ ಆಗತೈತಿ’ ಎಂದರು. ಅವರು ಹೋದ ಮೇಲೆ ಆಕೆ ನಮ್ಮ ಕಡೆ ತಿರುಗಿ ಹೇಳಿದ ಮಾತು ಇದು: ‘ಅಣ್ಣಾ, ಹೇಳೂದು ನಾ ಹೇಳತೀನಿ. ಆದರ ಅಕಿಗೆ ಕೇಳಬೇಕಲ್ಲ. ನೋವಿನ ಸಪ್ಪಳನ ಅಷ್ಟು ದೊಡ್ಡದೈತಿ.’

ಜೈನ ಶಾಸ್ತ್ರ ಹೇಳುವುದೂ ಇದನ್ನೇ. ‘ತತ್ತ್ವಾರ್ಥಸೂತ್ರ’ ಆರ್ತಧ್ಯಾನದಲ್ಲಿ ನಾಲ್ಕು ಬಗೆ ಎಣಿಸುತ್ತದೆ. ಅದರಲ್ಲಿ ಒಂದು, ವೇದನೆಯಿಂದ ಹುಟ್ಟುವುದು: ನೋವು ಯಾವಾಗ ಹೋದೀತು, ಯಾವಾಗ ಹೋದೀತು ಎಂದು ಮನಸ್ಸು ಅದರಲ್ಲೇ ಸಿಕ್ಕಿಬೀಳುವುದು. ಇದು ಒಳ್ಳೆಯ ಗತಿಗೆ ಒಯ್ಯುವ ಧ್ಯಾನವಲ್ಲ, ಕೆಳಗೆ ಎಳೆಯುವ ಧ್ಯಾನ. ಅಂದಮೇಲೆ ನೋವನ್ನು ಹಾಗೇ ಬಿಟ್ಟು ‘ಸಮಾಧಿಮರಣ ಆಗಲಿ’ ಎಂದು ಹಾರೈಸುವುದು ಯಾವ ಶಾಸ್ತ್ರ? ನೋವು ಇಳಿದರೆ ತಾನೇ ಮನಸ್ಸು ಮಂತ್ರದ ಕಡೆಗೆ, ಲಿಂಗದ ಕಡೆಗೆ, ಅಲ್ಲಾಹನ ಕಡೆಗೆ, ವಿಠ್ಠಲನ ಕಡೆಗೆ ತಿರುಗುವುದು? ಭಕ್ತಿಗೆ ಮಾರ್ಫಿನ್ ಅಡ್ಡಿ ಎನ್ನುವವರು ಒಂದು ರಾತ್ರಿ ಆ ಕೋಣೆಯಲ್ಲಿ ಕೂತು ನೋಡಲಿ.

ಇನ್ನು ವೈದ್ಯದ ಲೆಕ್ಕ. ಕ್ಯಾನ್ಸರ್ ನೋವಿಗೆ ಹಂತ ಹಂತವಾಗಿ ಯಾವ ಔಷಧ ಕೊಡಬೇಕು ಎಂಬ ದಾರಿಯನ್ನು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಪ್ರಕಟಿಸಿದೆ. ಸಣ್ಣ ನೋವಿಗೆ ಪ್ಯಾರಾಸಿಟಮಾಲ್‌ನಂಥವು, ದೊಡ್ಡ ನೋವಿಗೆ ಮಾರ್ಫಿನ್. ಬಾಯಿಂದ ನುಂಗುವ ಸಾದಾ ಗುಳಿಗೆ, ಸಾಮಾನ್ಯವಾಗಿ ನಾಲ್ಕು ತಾಸಿಗೊಮ್ಮೆ. ಅದು ದುಬಾರಿ ಔಷಧವಲ್ಲ. ಅದು ತಯಾರಾಗುವುದು ಅಫೀಮಿನಿಂದ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ರೈತರು ಸರಕಾರದ ಪರವಾನಗಿಯಲ್ಲೇ ಅಫೀಮು ಬೆಳೆಯುತ್ತಾರೆ, ಅದು ವಿದೇಶಕ್ಕೂ ಹೋಗುತ್ತದೆ. ಬೆಳೆಯುವ ದೇಶದ ರೋಗಿಗೇ ಗುಳಿಗೆ ಸಿಗುವುದಿಲ್ಲ. ತಂಬಾಕು ಬೆಳೆದು ದರಕ್ಕಾಗಿ 1981ರಲ್ಲಿ ಹೆದ್ದಾರಿಗೆ ಇಳಿದ ನಿಪ್ಪಾಣಿ ಸೀಮೆಯವರಿಗೆ, ಬೆಳೆದವನಿಗೇ ದಕ್ಕದ ಈ ಲೆಕ್ಕ ಬೇಗ ತಿಳಿಯಬೇಕು.

ಯಾಕೆ ಸಿಗುವುದಿಲ್ಲ? 1985ರ ಮಾದಕವಸ್ತು ಕಾಯ್ದೆ. ಕಳ್ಳಸಾಗಣೆ ತಡೆಯಲು ಬಂದ ಕಾಯ್ದೆ ರೋಗಿಯ ಗುಳಿಗೆಯನ್ನೂ ಹಿಡಿದು ಕೂರಿಸಿತು. ನಾಲ್ಕಾರು ಲೈಸೆನ್ಸ್, ಬೇರೆ ಬೇರೆ ಇಲಾಖೆ, ಒಂದರ ಅವಧಿ ಮುಗಿಯುವಾಗ ಇನ್ನೊಂದು ಬರುವುದು. ಆಸ್ಪತ್ರೆಗಳು ಈ ಕಾಟವೇ ಬೇಡ ಎಂದು ಕೈಬಿಟ್ಟವು. ಆದರೆ 2014ರಲ್ಲಿ ಸಂಸತ್ತು ಕಾಯ್ದೆ ತಿದ್ದಿತು. ಈಗ ತರಬೇತಿ ಪಡೆದ ಡಾಕ್ಟರ್ ಇರುವ ಆಸ್ಪತ್ರೆ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಯಿಂದ ಒಂದು ಮಾನ್ಯತೆ ಪಡೆದರೆ ಮಾರ್ಫಿನ್ ಇಟ್ಟುಕೊಳ್ಳಬಹುದು, ಮನೆಗೆ ಬರೆದುಕೊಡಬಹುದು. ಹತ್ತು ವರ್ಷದ ಮೇಲಾಯಿತು. ಅಡ್ಡಿ ಈಗ ಕಾನೂನಿನದ್ದಲ್ಲ, ಅರ್ಜಿ ಹಾಕುವ ಮನಸ್ಸಿನದ್ದು.

ಒಂದು ಸರಕಾರಿ ದವಾಖಾನೆಯಲ್ಲಿ ನಾವು ಈ ಮಾತು ತೆಗೆದಾಗ ಅಲ್ಲಿದ್ದ ಸಿಬ್ಬಂದಿ ದನಿ ತಗ್ಗಿಸಿ, ‘ಅದನ್ನ ಕೇಳಬ್ಯಾಡ್ರಿ, ಪೋಲೀಸ್ ಕೇಸ್ ಆಗತೈತಿ’ ಎಂದರು. ಊರ ಮಂದಿಗೂ ಭಯವಿದೆ: ಚಟ ಹತ್ತುತ್ತದೆ, ಕೊಟ್ಟರೆ ಬೇಗ ಸಾಯುತ್ತಾರೆ. ನೋವಿಗೆ ತಕ್ಕಷ್ಟು, ಸಣ್ಣ ಪ್ರಮಾಣದಿಂದ ಏರಿಸುತ್ತ ಕೊಟ್ಟರೆ ಅದು ಸಾವನ್ನು ಎಳೆದು ತರುವುದಿಲ್ಲ. ಕೊನೆಯ ದಿನಗಳಲ್ಲಿರುವ ರೋಗಿಯ ವಿಷಯದಲ್ಲಿ ಚಟದ ಚಿಂತೆ ಅಂತೂ ಹುಚ್ಚು ಮಾತು. ಮೊದಮೊದಲು ಮಂಪರು ಬರಬಹುದು, ವಾಕರಿಕೆ ಆಗಬಹುದು. ಮಲಬದ್ಧತೆ ಮಾತ್ರ ಆಗಿಯೇ ಆಗುತ್ತದೆ, ಅದಕ್ಕೆ ಜೊತೆಗೇ ಔಷಧ ಬೇಕು. ಇದನ್ನೆಲ್ಲ ಹೇಳಿಕೊಡಲು ಒಬ್ಬ ನರ್ಸ್ ಮನೆ ಬಾಗಿಲಿಗೆ ಬರಬೇಕು. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿದರೆ ಬೆನ್ನಿಗೆ ಹುಣ್ಣಾಗುವುದು ಎಷ್ಟೋ ತಪ್ಪುತ್ತದೆ, ಒದ್ದೆ ಬಟ್ಟೆಯಿಂದ ಬಾಯಿ ಒರೆಸಿದರೆ ನೀರಡಿಕೆ ತಣಿಯುತ್ತದೆ, ಸಾಯುವ ದೇಹಕ್ಕೆ ಹಸಿವು ಕಡಿಮೆಯಾಗುವುದು ಸಹಜ, ಬಾಯಿಗೆ ತುರುಕಬಾರದು. ಇಷ್ಟನ್ನು ಯಾರಾದರೂ ಒಮ್ಮೆ ಕೂತು ಹೇಳಿದ್ದರೆ ನಮ್ಮ ಎಷ್ಟೋ ಮನೆಗಳ ಕೊನೆಯ ತಿಂಗಳು ಬೇರೆ ರೀತಿ ಇರುತ್ತಿತ್ತು.

ಅದರ ಬದಲು ನಾವು ಮಾಡುವುದೇನು? ಸಲಾಯಿನ್. ಓಣಿಯ ಡಾಕ್ಟರ್ ಕರೆಸಿ, ಗೋಡೆಯ ಮೊಳೆಗೆ ಬಾಟ್ಲಿ ತೂಗುಹಾಕಿ, ಊದಿಕೊಂಡ ಕೈಯಲ್ಲಿ ನರ ಹುಡುಕಿ ಚುಚ್ಚಿಸುವುದು. ಕೊನೆಯ ದಿನಗಳಲ್ಲಿ ದೇಹಕ್ಕೆ ಬೇಡದ ನೀರು ಕಾಲಿಗೆ, ಎದೆಗೆ ತುಂಬಿಕೊಂಡು ಉಸಿರಾಟ ಇನ್ನೂ ಕಷ್ಟವಾಗಬಹುದು. ಆದರೂ ಬಾಟ್ಲಿ ತೂಗುತ್ತಿರಬೇಕು, ಯಾಕೆಂದರೆ ನೋಡಲು ಬಂದ ಬೀಗರು ‘ಏನೂ ಮಾಡಲಿಲ್ಲ’ ಎನ್ನಬಾರದು. ಇನ್ನು ಕೆಲವರದು ಕೊಲ್ಲಾಪುರ, ಮೀರಜ, ಸಾಂಗ್ಲಿಯ ಐಸಿಯು. ಎಕರೆ ಒತ್ತೆ ಇಟ್ಟು, ಸಂಘದಲ್ಲಿ ಸಾಲ ತೆಗೆದು, ಗುಣವಾಗುವುದಿಲ್ಲ ಎಂದು ಡಾಕ್ಟರೇ ಹೇಳಿದ ಮೇಲೂ ಹತ್ತು ದಿನ ಯಂತ್ರದ ಮೇಲೆ. ಹೊರಗೆ ಕಾರಿಡಾರಿನಲ್ಲಿ ಮಕ್ಕಳು, ಒಳಗೆ ಒಬ್ಬಂಟಿ ಅಪ್ಪ. ಮಂತ್ರವೂ ಇಲ್ಲ, ಮಗಳ ಕೈಯೂ ಇಲ್ಲ. ಇದನ್ನು ಪ್ರೀತಿ ಎನ್ನಲು ನಮ್ಮ ಬಾಯಿ ಬರುವುದಿಲ್ಲ. ಅದರಲ್ಲಿ ಅರ್ಧ ಭಾಗ ಮಂದಿಯ ಬಾಯಿಗೆ ಅಂಜಿದ್ದು.

ಗುಣವಾಗುವ ಆಸೆ ಇಲ್ಲದಾಗ ಯಂತ್ರ ತೆಗೆಸುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ಅದರ ವಿಧಾನವನ್ನು ಸರಳ ಮಾಡಿತು. ಅದನ್ನು ಜಾರಿಗೆ ತರುವ ಆದೇಶವನ್ನು ಕರ್ನಾಟಕ ಸರಕಾರ 2025ರ ಜನವರಿ 30ರಂದು ಹೊರಡಿಸಿತು. ಡಾಕ್ಟರರ ಎರಡು ಮಂಡಳಿ ಒಪ್ಪಬೇಕು, ಮನೆಯವರು ಒಪ್ಪಬೇಕು. ಎಚ್ಚರವಿದ್ದಾಗಲೇ ‘ನನಗೆ ಯಂತ್ರ ಬೇಡ’ ಎಂದು ಇಬ್ಬರು ಸಾಕ್ಷಿಗಳ ಮುಂದೆ ಬರೆದಿಡಬಹುದು, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ಹೆಸರಿಸಬಹುದು. ಟೀವಿಯವರು ‘ದಯಾಮರಣ’ ಎಂದು ಎರಡು ದಿನ ಕೂಗಿ ಬಿಟ್ಟರು. ಇದು ಇಂಜೆಕ್ಷನ್ ಕೊಟ್ಟು ಸಾಯಿಸುವುದಲ್ಲ. ಯಂತ್ರ ಬಿಡಿಸಿ ಮನೆಗೆ ತಂದ ಮೇಲೆ ಏನು ಎಂಬುದನ್ನು ಮಾತ್ರ ಯಾರೂ ಚರ್ಚಿಸಲಿಲ್ಲ. ಮನೆಯಲ್ಲಿ ನೋವಿಗೆ ಮದ್ದು ಇಲ್ಲದಿದ್ದರೆ ಈ ಹಕ್ಕು ನಮಗೆ ಅರ್ಧವೇ.

ಹೀಗೆ ಮದ್ದು ಮತ್ತು ನಂಬಿಕೆಯನ್ನು ಒಂದೇ ಕೋಣೆಯಲ್ಲಿ ಇಟ್ಟವರು ಇಲ್ಲದೇ ಇಲ್ಲ. ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಎಂಬಾಕೆ ಮೊದಲು ನರ್ಸ್ ಆಗಿ, ಆಮೇಲೆ ಸಮಾಜ ಕಾರ್ಯಕರ್ತೆಯಾಗಿ, ಕೊನೆಗೆ ಡಾಕ್ಟರ್ ಓದಿ, 1967ರಲ್ಲಿ ಸಾಯುವವರಿಗಾಗಿಯೇ ಒಂದು ಆಸ್ಪತ್ರೆ ತೆರೆದರು. ದೇವರಲ್ಲಿ ಗಟ್ಟಿ ನಂಬಿಕೆ ಇದ್ದ ಹೆಣ್ಣುಮಗಳು. ಸಾಯುವವರ ನೋವು ಬರೀ ಮೈಯದ್ದಲ್ಲ, ಮನಸ್ಸಿನದ್ದು, ಸಂಸಾರದ್ದು, ಆತ್ಮದ್ದು ಎಂದರು. ಹಾಗೆಂದು ಮೈಯ ನೋವಿಗೆ ಮಾರ್ಫಿನ್ ಕೊಡುವುದನ್ನು ಬಿಡಲಿಲ್ಲ. 1986ರಲ್ಲಿ ಮುಂಬೈಯಲ್ಲಿ ಶಾಂತಿ ಆವೇದನಾ ಸದನ ಬಂತು. ಬೆಂಗಳೂರಿನ ಕರುಣಾಶ್ರಯ 1999ರಿಂದ ಕ್ಯಾನ್ಸರ್ ರೋಗಿಗಳನ್ನು ಒಂದು ರೂಪಾಯಿ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದೆ. ಅವರಿಗೆ ಕೈ ಮುಗಿಯೋಣ. ಆದರೆ ಬೆಂಗಳೂರು ನಮಗೆ ಐನೂರು ಕಿಲೋಮೀಟರಿಗೂ ದೂರ. ಸಾಯುವ ಅಜ್ಜ ಆ ದಾರಿ ಹಿಡಿಯುವುದಿಲ್ಲ, ಹಿಡಿಯಲೂಬಾರದು. ಅವನು ಕೇಳುವುದು ತನ್ನ ಪಡಸಾಲೆ, ತನ್ನ ಎಮ್ಮೆಯ ಸಪ್ಪಳ.

ಅದಕ್ಕೇ ನೋಡಬೇಕಾದದ್ದು ಕೇರಳವನ್ನು. 1993ರಲ್ಲಿ ಕೋಝಿಕೋಡ್‌ನ ಮೆಡಿಕಲ್ ಕಾಲೇಜಿನಲ್ಲಿ ಕೆಲವು ಡಾಕ್ಟರರು ಸೇರಿ ಸುರು ಮಾಡಿದ್ದು, ಮಲಪ್ಪುರಂ ಜಿಲ್ಲೆಯಲ್ಲಿ ಊರ ಮಂದಿಯ ಕೈಗೆ ಬಂತು. ಹಳ್ಳಿಯವರು ವಾರಕ್ಕೆ ಒಂದೆರಡು ತಾಸು ಕೊಟ್ಟು ಕೆಲಸ ಕಲಿತರು. ಮಸೀದಿ, ದೇವಸ್ಥಾನ, ಚರ್ಚಿಗೆ ಹೋಗುವ ಮಂದಿಯೇ ಅವರು. 2008ರಲ್ಲಿ ಸರಕಾರ ನೀತಿ ಮಾಡಿತು. ಪಂಚಾಯಿತಿಗಳು ತಮ್ಮ ಬಜೆಟ್‌ನಲ್ಲಿ ನರ್ಸ್ ಇಟ್ಟು ಮನೆ ಮನೆಗೆ ಕಳಿಸುತ್ತವೆ. ಅಲ್ಲಿನವರು ನಮಗಿಂತ ಹೆಚ್ಚು ಕರುಣಾಳುಗಳೇನಲ್ಲ. ಅವರು ಕರುಣೆಯನ್ನು ಬಜೆಟ್‌ನಲ್ಲಿ ಒಂದು ಸಾಲಾಗಿ ಬರೆದರು.

ನಮ್ಮಲ್ಲೂ ಕಾಗದಕ್ಕೆ ಕೊರತೆ ಇಲ್ಲ. ಕೇಂದ್ರದ ಉಪಶಾಮಕ ಆರೈಕೆ ಕಾರ್ಯಕ್ರಮ 2012ರದ್ದು. ಈಗ ‘ಆಯುಷ್ಮಾನ್ ಆರೋಗ್ಯ ಮಂದಿರ’ ಎಂದು ಬೋರ್ಡ್ ಬದಲಾಗಿರುವ ಉಪಕೇಂದ್ರಗಳು ಕೊಡಬೇಕಾದ ಹನ್ನೆರಡು ಸೇವೆಗಳಲ್ಲಿ ವೃದ್ಧರ ಮತ್ತು ಕೊನೆಗಾಲದ ರೋಗಿಗಳ ಆರೈಕೆಯೂ ಒಂದು. ಬೋರ್ಡಿಗೆ ಬಣ್ಣ ಬಂತು. ಕೊನೆಗೆ ಎಲ್ಲವೂ ಹೋಗಿ ಬೀಳುವುದು ಆಶಾ ಕಾರ್ಯಕರ್ತೆಯ ತಲೆಯ ಮೇಲೆ. ಆಕೆಗೆ ಬಾಣಂತಿ, ಲಸಿಕೆ, ಸರ್ವೆ ಎಲ್ಲ ಇವೆ, ಸಿಗುವುದು ಗೌರವಧನ. ಇದನ್ನೂ ಆಕೆಯೇ ಮಾಡಲಿ ಎನ್ನುವವರ ಜೊತೆ ನಾವಿಲ್ಲ. ತರಬೇತಿ ಪಡೆದ, ಸಂಬಳದ ನರ್ಸ್ ಬೇಕು. ಗಡಿಯ ಊರಿಗೆ ಇದು ಇನ್ನೂ ಜರೂರು. ನಮ್ಮ ರೋಗಿ ಚಿಕಿತ್ಸೆಗೆ ಹೋಗುವುದು ಮಹಾರಾಷ್ಟ್ರಕ್ಕೆ, ಸಾಯಲು ಬರುವುದು ಕರ್ನಾಟಕಕ್ಕೆ. ಆಚೆಯ ಡಾಕ್ಟರರ ಕೆಲಸ ಡಿಸ್ಚಾರ್ಜ್ ಚೀಟಿಗೆ ಮುಗಿಯುತ್ತದೆ. ಈಚೆಯವರಿಗೆ ಆ ರೋಗಿ ಲೆಕ್ಕದಲ್ಲೇ ಇರುವುದಿಲ್ಲ.

2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಆತ್ಮಹತ್ಯೆ ಎಂದಾಗ ದೇಶದ ತುಂಬ ಜೈನ ಸಮಾಜ ಮೌನ ಮೆರವಣಿಗೆ ಮಾಡಿತು. ತಿಂಗಳು ಮುಗಿಯುವುದರೊಳಗೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ತಮ್ಮ ಸಾವಿನ ರೀತಿಯನ್ನು ಉಳಿಸಿಕೊಳ್ಳಲು ಬೀದಿಗೆ ಬಂದದ್ದು ಸರಿಯೇ ಇತ್ತು. ಆ ಮೆರವಣಿಗೆಯ ಕಾಲು ಭಾಗ ಮಂದಿ ತಾಲೂಕು ದವಾಖಾನೆಯ ಮುಂದೆ ನಿಂತು ‘ಮಾರ್ಫಿನ್ ಎಲ್ಲಿ’ ಎಂದು ಕೇಳಿದರೆ ಹೇಗಿರುತ್ತದೆ? ಬಸದಿ ಕಮಿಟಿ, ಮಠ, ಜಮಾತ್, ಭಜನಾ ಮಂಡಳಿ ಎಲ್ಲವೂ ಒಂದೇ ಬೇಡಿಕೆಗೆ ಸೇರಬಹುದಾದ ವಿಷಯ ಇದೊಂದೇ ಇದ್ದೀತು. ಮಠಗಳಿಗೆ, ಸಹಕಾರಿ ಸಂಘಗಳಿಗೆ, ಸಕ್ಕರೆ ಕಾರ್ಖಾನೆಗಳಿಗೆ ಕೈಯೂ ಇದೆ, ಹಣವೂ ಇದೆ. ಸತ್ತ ಮರುದಿನ ಸರ್ಕಲ್‌ನಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’ ಫ್ಲೆಕ್ಸ್ ಏಳುತ್ತದೆ, ಸತ್ತವರಿಗಿಂತ ದೊಡ್ಡ ಫೋಟೋ ಹಾಕಿಸಿದ ನಾಯಕರದ್ದು. ಸಾಯುವ ಮುಂಚೆ ಆ ಮನೆಗೆ ಒಂದು ಏರ್‌ಬೆಡ್ ಎರವಲು ಕೊಡುವ ಸಂಘ ಮಾತ್ರ ಇಲ್ಲ.

ಸದ್ಯ ಮಾಡಬಹುದಾದದ್ದು ಹೇಳುತ್ತೇವೆ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಬರೆಯಿರಿ. ನಮ್ಮ ತಾಲೂಕು ದವಾಖಾನೆಗೆ ಮಾರ್ಫಿನ್ ಇಟ್ಟುಕೊಳ್ಳುವ ಮಾನ್ಯತೆ ಇದೆಯೋ ಇಲ್ಲವೋ? ಇದ್ದರೆ ಕಳೆದ ವರ್ಷ ಎಷ್ಟು ಗುಳಿಗೆ ಹೋಗಿವೆ? ಇಲ್ಲದಿದ್ದರೆ ಅರ್ಜಿ ಹಾಕಿದ್ದೀರೋ? ಉಪಶಾಮಕ ಆರೈಕೆಯ ತರಬೇತಿ ಪಡೆದ ಡಾಕ್ಟರ್, ನರ್ಸ್ ಎಷ್ಟು ಮಂದಿ, ಯಾವ ಕೇಂದ್ರದಲ್ಲಿ? ಕಳೆದ ವರ್ಷ ಹಾಸಿಗೆ ಹಿಡಿದ ಎಷ್ಟು ರೋಗಿಗಳ ಮನೆಗೆ ಹೋಗಿದ್ದೀರಿ? ಮೂವತ್ತು ದಿನದಲ್ಲಿ ಉತ್ತರ ಕೊಡಲೇಬೇಕು. ಪಟ್ಟಣ ಪಂಚಾಯಿತಿ ಸದಸ್ಯರು ಮತ ಕೇಳಲು ಬಂದಾಗ, ಮನೆಭೇಟಿಯ ನರ್ಸಿಗೆ ಬಜೆಟ್‌ನಲ್ಲಿ ಎಷ್ಟು ಇಡುತ್ತೀರಿ ಎಂದು ಗಟಾರ, ನಲ್ಲಿಯ ಜೊತೆಗೇ ಕೇಳಿರಿ.

ಇಲಾಖೆಯಿಂದ ಬಂದ ಉತ್ತರದ ಫೋಟೋ ತೆಗೆದು ನಮಗೆ ಕಳಿಸಿರಿ, ರೋಗಿಯ ಹೆಸರು ಇದ್ದರೆ ಮುಚ್ಚಿರಿ. ಉತ್ತರ ಬರದಿದ್ದರೆ ಅರ್ಜಿ ಹಾಕಿದ ತಾರೀಕು ಕಳಿಸಿರಿ, ಅದನ್ನೂ ಹಾಕುತ್ತೇವೆ.